ಮೈಲೇಜ್ ಇಳಿದರೆ ಮೊದಲು ಲೆಕ್ಕ, ಆಮೇಲೆ ದೂರು



ಬೆಳಿಗ್ಗೆ ಹತ್ತು ಲೀಟರ್ ಕೊಡುತ್ತಿದ್ದ ಹಸು ಇದ್ದಕ್ಕಿದ್ದಂತೆ ಏಳಕ್ಕೆ ಇಳಿದರೆ ನಾವು ಏನು ಮಾಡುತ್ತೇವೆ? ಮೇವು ತಿಂದಿದೆಯಾ, ಮೆಲುಕು ಹಾಕುತ್ತಿದೆಯಾ, ಕೆಚ್ಚಲು ಬಿಸಿಯಾಗಿದೆಯಾ ಎಂದು ಒಂದೊಂದಾಗಿ ನೋಡುತ್ತೇವೆ. ಆದರೆ ಮನೆಯ ಕಾರಿನ ಮೈಲೇಜ್ ಇಳಿದಾಗ ಯಾರೂ ಹೀಗೆ ನೋಡುವುದಿಲ್ಲ. ಮೊದಲ ದೂರು ಅದನ್ನು ಓಡಿಸುವ ಹೆಂಗಸಿನ ಮೇಲೆ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ಸಂಘ ನಮ್ಮ ತೋಟದ ಮನೆಯಿಂದ ನಾಲ್ಕು ಕಿ.ಮೀ. ದೂರ. ಎರಡು ಹೊತ್ತು ಹಾಲಿನ ಕ್ಯಾನು, ಬರುವಾಗ ಹಿಂಡಿ ಮೂಟೆ, ಎಲ್ಲಕ್ಕೂ ನಮ್ಮ ಹಳೆಯ ಪೆಟ್ರೋಲ್ ಕಾರೇ ಆಧಾರ. ಕಳೆದ ಮಳೆಗಾಲದ ಕೊನೆಯಲ್ಲಿ ಪೆಟ್ರೋಲ್ ಬೇಗ ಬೇಗ ಮುಗಿಯತೊಡಗಿತು. "ನೀನು ಎರಡನೇ ಗೇರಲ್ಲೇ ಎಳೀತೀಯ, ಇನ್ನೇನಾಗುತ್ತೆ? ಕೀ ಕೊಡು, ನಾಳೆಯಿಂದ ಆಟೋದವನಿಗೇ ಹೇಳ್ತೀನಿ" ಎಂದರು ನಮ್ಮ ಯಜಮಾನರು. ಗ್ಯಾರೇಜಿನವರು ಏನನ್ನೂ ಅಳೆಯದೆ ಪ್ಲಗ್ಗು, ಫಿಲ್ಟರು ಎಲ್ಲ ಬದಲಾಯಿಸಿ ಮೂರು ಸಾವಿರಕ್ಕೂ ಹೆಚ್ಚು ಬಿಲ್ ಮಾಡಿದರು. ಮೈಲೇಜ್ ಮಾತ್ರ ಇದ್ದಲ್ಲೇ ಇತ್ತು.

ಆಮೇಲೆ ನಾನೇ ಲೆಕ್ಕಕ್ಕೆ ಕೂತೆ. ಬಂಕಿನಲ್ಲಿ ಪಂಪು ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ ಮೀಟರ್ ಬರೆದುಕೊಂಡೆ. 250 ಕಿ.ಮೀ. ಓಡಿದ ಮೇಲೆ ಅದೇ ಬಂಕಿನಲ್ಲಿ ಹಾಗೇ ತುಂಬಿಸಿದೆ. 21 ಲೀಟರ್ ಹಿಡಿಯಿತು. ಅಂದರೆ ಲೀಟರಿಗೆ 12 ಕಿ.ಮೀ. ಕೂಡ ಇಲ್ಲ. ಹಾಲಿನ ಪಾಸ್‌ಬುಕ್ಕಿನೊಳಗೆ ಇಟ್ಟಿದ್ದ ಹಳೆಯ ಬಂಕ್ ಚೀಟಿಗಳ ಪ್ರಕಾರ ಮೊದಲು 16 ಬರುತ್ತಿತ್ತು. ತಿಂಗಳಿಗೆ 600 ಕಿ.ಮೀ. ಓಡಿದರೆ ಹನ್ನೆರಡೂವರೆ ಲೀಟರ್ ಪೆಟ್ರೋಲ್ ಹೆಚ್ಚಿಗೆ ಖರ್ಚು. ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚೂಕಡಿಮೆ ಮೂರು ಲೀಟರ್ ಹಾಲಿನ ಹಣ ಬೇಕು. ತಿಂಗಳಿಗೆ ಮೂವತ್ತೇಳು ಲೀಟರ್ ಹಾಲನ್ನು ನಾವು ರಸ್ತೆಗೆ ಸುರಿದಂತೆ.

ಎರಡನೇ ಗೇರಿನಲ್ಲಿ ಎಳೆದರೆ ಪೆಟ್ರೋಲ್ ಹೆಚ್ಚು ಹೋಗುತ್ತದೆ, ನಿಜ. ಆದರೆ ನಾನು ಓಡಿಸುವ ರೀತಿ ಎರಡು ವಾರದಲ್ಲಿ ಬದಲಾಗಿರಲಿಲ್ಲ. ದಾರಿ ಅದೇ, ಹೊರೆ ಅದೇ. ಪೆಟ್ರೋಲಿನಲ್ಲಿ ಎಥೆನಾಲ್ ಬೆರೆಸುವುದೇ ಕಾರಣ ಎಂದರು ಕೆಲವರು. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ನೂರಕ್ಕೆ ಇಪ್ಪತ್ತು ಭಾಗ ಬೆರೆತರೂ ಲೆಕ್ಕದಲ್ಲಿ ನೂರಕ್ಕೆ ಆರೇಳರಷ್ಟು ಇಳಿಯಬೇಕು. 16 ಇದ್ದುದು 15 ಆದರೆ ಒಪ್ಪಬಹುದು. 12 ಆದರೆ ಕಾರಿನಲ್ಲೇ ಏನೋ ಕೆಟ್ಟಿದೆ.

ಹುಡುಕುವಾಗ ದುಡ್ಡು ಖರ್ಚಾಗದ ಪರೀಕ್ಷೆಗಳನ್ನೇ ಮೊದಲು ಮಾಡಬೇಕು. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಟೈರಿನ ಗಾಳಿ ನೋಡಿಸಿ. ಎಷ್ಟಿರಬೇಕು ಎಂಬುದು ಸಾಮಾನ್ಯವಾಗಿ ಚಾಲಕರ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲೋ ಕಾರಿನ ಪುಸ್ತಕದಲ್ಲೋ ಇರುತ್ತದೆ. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಿದೆಯೇ ನೋಡಿ. ಉರಿಯುತ್ತಿದ್ದರೆ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಓದಿಸಿ, ಅಂದಾಜಿನ ಮೇಲೆ ಏನನ್ನೂ ಬದಲಾಯಿಸಲು ಬಿಡಬೇಡಿ. ಎಷ್ಟು ಓಡಿಸಿದರೂ ಬಿಸಿಯ ಮುಳ್ಳು ಮೇಲೇರದಿದ್ದರೆ ಥರ್ಮೋಸ್ಟಾಟ್ ತೆರೆದೇ ನಿಂತಿರಬಹುದು. ತಣ್ಣನೆಯ ಎಂಜಿನ್ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಗಾಡಿ ಓಡಿಸಲೇಬೇಡಿ, ಮೆಕ್ಯಾನಿಕ್ ಅನ್ನು ಮನೆಗೇ ಕರೆಸಿ.

ನಮ್ಮ ಕಾರಿನಲ್ಲಿ ಇವೆಲ್ಲ ಸರಿ ಇದ್ದವು. ಉಳಿದದ್ದು ಬ್ರೇಕು. ಸಂಘದಿಂದ ಬಂದ ಕೂಡಲೇ ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಹಿಡಿದೆ. ಮುಟ್ಟಬೇಡಿ, ಕೈ ಸುಡುತ್ತದೆ. ಎಡಗಡೆಯ ಹಿಂದಿನ ಚಕ್ರದಿಂದ ಒಲೆಯ ಹತ್ತಿರ ಹೋದಂತೆ ಬಿಸಿ ಹೊಡೆಯಿತು. ಉಳಿದ ಮೂರು ಬರೀ ಬೆಚ್ಚಗಿದ್ದವು. ಬಾವು ಬಂದ ಒಂದೇ ಮೊಲೆ ಬಿಸಿಯಾಗುವುದು ನೆನಪಾಯಿತು. ಸಮ ನೆಲದಲ್ಲಿ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಇಳಿಸಿ, ಮಗನೂ ನಾನೂ ತಳ್ಳಿದರೆ ಕಾರು ಕದಲಲೊಲ್ಲದು.

ಮೆಕ್ಯಾನಿಕ್ ಚಕ್ರ ಬಿಚ್ಚಿ ತೋರಿಸಿದರು. ಮಳೆನೀರು, ಕೆಸರು ಸೇರಿ ಹ್ಯಾಂಡ್ ಬ್ರೇಕಿನ ಕೇಬಲ್ ತುಕ್ಕು ಹಿಡಿದಿತ್ತು. ಲಿವರ್ ಇಳಿಸಿದರೂ ಕೇಬಲ್ ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ. ನಾವು ಬ್ರೇಕ್ ಹಿಡಿದುಕೊಂಡೇ ಊರೆಲ್ಲ ಓಡಾಡುತ್ತಿದ್ದೆವು. ಕೇಬಲ್ ಬದಲಾಯಿಸಿ ಬ್ರೇಕ್ ಶುಚಿ ಮಾಡಿದ್ದಕ್ಕೆ ಸಾವಿರದ ನೂರು ರೂಪಾಯಿ. ಮುಂದಿನ ಎರಡು ಟ್ಯಾಂಕಿನಲ್ಲಿ 16ರ ಹತ್ತಿರ ಬಂತು. ಪೆಟ್ರೋಲಿಗಿಂತ ದೊಡ್ಡ ಅಪಾಯವೂ ತಪ್ಪಿತು. ಹಾಗೆ ಕಾದ ಬ್ರೇಕು ಇಳಿಜಾರಿನಲ್ಲಿ ಕೈಕೊಟ್ಟರೆ ಹಾಲೂ ಹೋಗುತ್ತದೆ, ಪ್ರಾಣವೂ ಹೋಗುತ್ತದೆ.

ನಾನು ಹೇಳುವುದು ಇಷ್ಟೇ. ಫ್ಯಾಟ್, ಎಸ್‌ಎನ್‌ಎಫ್ ಚೀಟಿಯನ್ನು ತಪ್ಪದೆ ನೋಡುವ ನಾವು ಗಾಡಿಯ ಲೆಕ್ಕವನ್ನು ಬೇರೆಯವರ ಬಾಯಿಗೆ ಬಿಟ್ಟಿದ್ದೇವೆ. ಹಾಲಿನ ಲೆಕ್ಕದ ಪುಸ್ತಕದಲ್ಲೇ ಒಂದು ಹಾಳೆ ಅದಕ್ಕೂ ಇರಲಿ: ದಿನಾಂಕ, ಮೀಟರ್, ಲೀಟರ್. ಸ್ಕೂಟರ್, ಮೊಪೆಡ್ ಇದ್ದವರಿಗೂ ಇದೇ ಮಾತು. ಏನಾದರೂ ಬದಲಾಯಿಸಿದರೆ ಒಂದು ಸಲಕ್ಕೆ ಒಂದೇ ಬದಲಾಯಿಸಿ, ಮತ್ತೆ ಅಳೆಯಿರಿ. ಹಸುವಿಗೆ ಹೊಸ ಹಿಂಡಿ ಕೊಡುವಾಗ ನಾವು ಹಾಗೇ ತಾನೇ ಮಾಡುವುದು?

ಒಕ್ಕೂಟಕ್ಕೂ ಒಂದು ಮನವಿ. ಮಹಿಳಾ ಸಂಘಗಳ ತರಬೇತಿಯಲ್ಲಿ ಕೆಚ್ಚಲು ಬಾವಿನ ಪರೀಕ್ಷೆ ಕಲಿಸುತ್ತೀರಿ. ಅದೇ ದಿನ ಒಂದು ಗಂಟೆ ಗಾಡಿ ನೋಡಿಕೊಳ್ಳುವುದನ್ನೂ ಹೇಳಿಕೊಡಿ. ಪ್ರತಿ ಸಂಘದಲ್ಲಿ ಟೈರಿನ ಗಾಳಿ ಅಳೆಯುವ ಒಂದು ಗೇಜ್ ಇಡಿ. ಅದಕ್ಕೆ ದೊಡ್ಡ ಖರ್ಚೇನಿಲ್ಲ.

ಕಾರಿನ ಕೀ ಈಗಲೂ ನನ್ನ ಹತ್ತಿರವೇ ಇದೆ. ಯಜಮಾನರು ಪೆಟ್ರೋಲ್ ಹಾಕಿಸಿದ ದಿನ ಮೀಟರ್ ಬರೆದ ಚೀಟಿಯನ್ನು ತಾವೇ ತಂದು ಕೊಡುತ್ತಾರೆ.

— ಒಬ್ಬ ಹಾಲು ಉತ್ಪಾದಕಿ