ಬೆರಳು ಚುರುಕಿದ್ದವರಿಗೇ ಮೊದಲ ಲಸಿಕೆಯೇ?

2021ರ ಮೇ ತಿಂಗಳನ್ನು ನಾವು ಎಷ್ಟು ಬೇಗ ಮರೆತುಬಿಟ್ಟೆವು! ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದ್ದ ದಿನಗಳವು. ಅದೇ ಹೊತ್ತಿಗೆ ಇನ್ನೊಂದು ಸಾಲು ಫೋನಿನೊಳಗೆ ಓಡುತ್ತಿತ್ತು. 18ರಿಂದ 44 ವರ್ಷದವರಿಗೆ ಕೋವಿಡ್ ಲಸಿಕೆ ಬೇಕೆಂದರೆ ಸರ್ಕಾರದ ಕೋವಿನ್ ಜಾಲತಾಣದಲ್ಲಿ ಸ್ಲಾಟ್ ಹಿಡಿಯಲೇಬೇಕಿತ್ತು. ಅದೂ ಆಗ ಇಂಗ್ಲಿಷಿನಲ್ಲಿ. ಪಿನ್‌ಕೋಡ್ ಒತ್ತಿ, ಓಟಿಪಿ ಬರುವಷ್ಟರಲ್ಲಿ ಸ್ಲಾಟ್ ಖಾಲಿ. ಕೋಡ್ ಬರೆಯಬಲ್ಲವರು ಟೆಲಿಗ್ರಾಂನಲ್ಲಿ ಸುಳಿವು ಕೊಡುವ ಬಾಟ್‌ಗಳನ್ನು ಕಟ್ಟಿದರು. ಅವರ ಜಾಣತನದ ಮೇಲೆ ನನಗೆ ಸಿಟ್ಟಿಲ್ಲ, ಜಾಣರಿಗೆ ಮಾತ್ರ ತೆರೆದ ಬಾಗಿಲಿನ ಮೇಲಿದೆ. ನಗರದವರು ಕಾರು ಹತ್ತಿ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚಿಸಿಕೊಂಡು ಬಂದರು. ಆ ಊರಿನವರೇ ಬರಿಗೈಲಿ ಮನೆಗೆ ಮರಳಿದರು.

ಆ ವರ್ಷದ ಜನವರಿ 16ರಂದು ಲಸಿಕೆ ಅಭಿಯಾನ ಹೊರಟ ದಾರಿ ಸರಿಯಾಗಿಯೇ ಇತ್ತು. ಮೊದಲು ಆರೋಗ್ಯ ಸಿಬ್ಬಂದಿ, ಆಮೇಲೆ ಪೊಲೀಸರು, ಪೌರಕಾರ್ಮಿಕರು, ಮಾರ್ಚ್‌ನಿಂದ 60 ದಾಟಿದವರು. ಮೇ 1ಕ್ಕೆ 18ರಿಂದ 44ರ ಕಿರಿಯರಿಗೂ ಬಾಗಿಲು ತೆರೆದಾಗ ಎಲ್ಲ ಕಲಸಿಹೋಯಿತು. ಲಸಿಕೆ ಸಾಲದೆ ನಮ್ಮ ರಾಜ್ಯ ಮೇ 14ರಿಂದ ಸರ್ಕಾರಿ ಕೇಂದ್ರಗಳಲ್ಲಿ ಕಿರಿಯರ ಲಸಿಕೆಯನ್ನೇ ನಿಲ್ಲಿಸಿತು; ದುಡ್ಡಿದ್ದವರಿಗೆ ಖಾಸಗಿ ಆಸ್ಪತ್ರೆಯಿತ್ತು. ಕಿರಿಯರು ಹಣ ಕೊಟ್ಟು ಹಾಕಿಸಿಕೊಳ್ಳಬೇಕೆಂಬ ನೀತಿ ಮೇಲ್ನೋಟಕ್ಕೇ ಮನಸೋಇಚ್ಛೆಯದು, ತರ್ಕವಿಲ್ಲದ್ದು ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಜೂನ್ 21ರ ಹೊತ್ತಿಗೆ ಕೇಂದ್ರ ಸರ್ಕಾರ ದಾರಿ ಬದಲಿಸಿತು. ಅಷ್ಟರೊಳಗೆ ಎರಡನೇ ಅಲೆ ಎಷ್ಟೋ ಮನೆಗಳನ್ನು ಖಾಲಿ ಮಾಡಿತ್ತು.

ಇದ್ದಷ್ಟೇ ಡೋಸ್ ಹಂಚುವಾಗ ಕೇಳಬೇಕಾದದ್ದು ಎರಡೇ. ಸೋಂಕು ತಗುಲಿದರೆ ಯಾರ ಜೀವಕ್ಕೆ ಕುತ್ತು? ಮನೆಯಲ್ಲಿ ಕೂತರೆ ಯಾರ ಒಲೆ ಉರಿಯುವುದಿಲ್ಲ? ವಯಸ್ಸೊಂದನ್ನೇ ನೋಡಿದರೆ 30ರ ಬಸ್ ಕಂಡಕ್ಟರೂ ಲ್ಯಾಪ್‌ಟಾಪ್ ಮುಂದಿನ 30ರ ಯುವಕನೂ ಒಂದೇ ಆಗಿಬಿಡುತ್ತಾರೆ. ಒಬ್ಬನ ಬೆನ್ನಿಗೆ ಇಡೀ ದಿನ ಅಪರಿಚಿತರ ಉಸಿರು ತಾಗುತ್ತದೆ, ಇನ್ನೊಬ್ಬನಿಗೆ ಕಿಟಕಿ ಮುಚ್ಚಿಕೊಳ್ಳುವ ಅನುಕೂಲವಿದೆ.

ಇನ್ನೊಂದು ಸಾಂಕ್ರಾಮಿಕ ಬಂದೇ ಬರುತ್ತದೆ. ಗ್ರಾಮಸಭೆಯಲ್ಲಿ, ವಾರ್ಡ್ ಸಮಿತಿಯಲ್ಲಿ ಎದ್ದು ನಿಂತು ಕೇಳಿ: ನಮ್ಮೂರಲ್ಲಿ ಮೊದಲ ನೂರು ಡೋಸ್ ಯಾರಿಗೆ? ಪಟ್ಟಿಯನ್ನು ಕನ್ನಡದಲ್ಲಿ ಬರೆಸಿ, ಪಂಚಾಯಿತಿ ಗೋಡೆಗೆ ಅಂಟಿಸಿ. ಫೋನಿಲ್ಲದವರ ಹೆಸರು ಬರೆದುಕೊಳ್ಳಲು ಆಶಾ ಕಾರ್ಯಕರ್ತೆಯರಿಗೆ ಅಧಿಕಾರ ಕೊಡಿಸಿ. ಮತ್ತೆ, ಮನೆಯಲ್ಲೇ ಕೂತು ಸಂಬಳ ಎಣಿಸುವ ನಾವೆಲ್ಲ ಆ ಪಟ್ಟಿಯ ಕೊನೆಗೆ ನಮ್ಮ ಹೆಸರನ್ನು ನಮ್ಮ ಕೈಯಿಂದಲೇ ಬರೆಯೋಣ, ಶಿಫಾರಸಿನ ಫೋನು ಮಾಡುವುದಿಲ್ಲವೆಂದು ಕೆಳಗೆ ಸಹಿ ಹಾಕೋಣ.