ಅಲ್ಲಿ ಅಗ್ಗದ ದುರ್ಬೀನು, ಇಲ್ಲಿ ದುಬಾರಿ: ನಡುವೆ ನಿಂತ ಕಾನೂನು

ಕೀಳ್ ಕೋತಗಿರಿ: ಚಹಾ ತೋಟ, ತರಕಾರಿ ಹೊಲಗಳಿಗೆ ಕಾಡುಹಂದಿ ನುಗ್ಗುವ ಈ ಭಾಗದಲ್ಲಿ ಬಂದೂಕಿನ ಮಾತು ಹೊಸದಲ್ಲ. ಬಂದೂಕಿಗೆ ಕೂರಿಸುವ ದುರ್ಬೀನಿನ ಅಮೆರಿಕದ ಬೆಲೆ ಈಗ ಮೊಬೈಲಿನಲ್ಲೇ ಕಾಣುತ್ತದೆ. ಇಲ್ಲಿನ ಬೆಲೆ ಅದಕ್ಕಿಂತ ಬಹಳ ಹೆಚ್ಚು. ಹಾಗಾದರೆ ನೇರವಾಗಿ ತರಿಸಿಕೊಂಡರೇನು?

ಮೊದಲ ತಡೆ ಮಾರುವವರ ದೇಶದಲ್ಲೇ ಇದೆ. ಅಮೆರಿಕದಲ್ಲಿ ನಾಗರಿಕ ಬಂದೂಕುಗಳ ರಫ್ತು ಪರವಾನಗಿ 2020ರ ಮಾರ್ಚ್ 9ರಂದು ವಿದೇಶಾಂಗ ಇಲಾಖೆಯಿಂದ ವಾಣಿಜ್ಯ ಇಲಾಖೆಗೆ ಬಂತು. ದುರ್ಬೀನುಗಳೂ ಅದೇ ಇಲಾಖೆಯ ನಿಯಂತ್ರಣ ಪಟ್ಟಿಯಲ್ಲಿವೆ. ಈ ತಲೆನೋವು ಬೇಡವೆಂದು ಚಿಲ್ಲರೆ ವ್ಯಾಪಾರಿಗಳು ಹೊರದೇಶದ ಆರ್ಡರನ್ನೇ ಒಪ್ಪದಿರುವುದುಂಟು. ಒಪ್ಪಿದರೂ ಸಾಗಣೆ, ಸುಂಕ, ತೆರಿಗೆ ಸೇರಿ ಅಗ್ಗದ ಬೆಲೆ ಅಗ್ಗವಾಗಿ ಉಳಿಯುವುದಿಲ್ಲ.

ಎಲ್ಲ ಬಿಡಿಸಾಮಾನೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಂತೆ ಸದ್ದು ಅಥವಾ ಬೆಂಕಿಯ ಮಿಂಚನ್ನು ತಗ್ಗಿಸುವ ಸಾಧನವೂ 'ಬಂದೂಕು'. ಬಂದೂಕಿನ ಭಾಗಗಳೂ ಹಾಗೆಯೇ. ಹೊರದೇಶದ ಕೆಲವೆಡೆ ಅಂಗಡಿಯಲ್ಲಿ ಸಿಗುವ ಸೈಲೆನ್ಸರನ್ನು ಪಾರ್ಸೆಲಿನಲ್ಲಿ ತರಿಸಿದವನು ಪರವಾನಗಿ ಇಲ್ಲದೆ ಬಂದೂಕು ತರಿಸಿದವನಾಗುತ್ತಾನೆ. ಹಣದ ಜತೆ ಜೈಲಿನ ಲೆಕ್ಕವನ್ನೂ ಹಾಕಬೇಕು.

ಬಂದೂಕಿನ ಕಥೆ ಇನ್ನೂ ಬಿಗಿ. 1980ರ ದಶಕದಿಂದ ಸಾಮಾನ್ಯ ಪರವಾನಗಿದಾರರಿಗೆ ಆಮದು ಬಾಗಿಲು ಬಹುತೇಕ ಮುಚ್ಚಿದೆ. ಮಾನ್ಯತೆ ಪಡೆದ ಶೂಟಿಂಗ್ ಕ್ರೀಡಾಪಟುಗಳಿಗೆ ಮಾತ್ರ ವಿನಾಯಿತಿ. ಹೀಗಾಗಿ ದೇಶದೊಳಗಿರುವ ಹಳೆಯ ವಿದೇಶಿ ಬಂದೂಕುಗಳು ಮೂಲ ಬೆಲೆಯ ಹಲವು ಪಟ್ಟಿಗೆ ಕೈ ಬದಲಾಗುತ್ತವೆ.

ದೇಶದ ಗಡಿಯ ಮಾತು ಹಾಗಿರಲಿ, ಕಕ್ಕನಳ್ಳ ಚೆಕ್‌ಪೋಸ್ಟ್ ದಾಟಿ ಮೈಸೂರಿಗೆ ಹೋಗಬೇಕಾದರೂ ಪರವಾನಗಿಯಲ್ಲಿ ನಮೂದಾದ ಪ್ರದೇಶ ನೋಡಬೇಕು. ಕಾಡತೂಸಿನ ಸಂಖ್ಯೆಗೂ ಮಿತಿ ಇದೆ. ಅದೇ ಕರ್ನಾಟಕದ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದಲೇ ವಿನಾಯಿತಿ. 2019ರಲ್ಲಿ ಕೇಂದ್ರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. ನೀಲಗಿರಿಯ ರೈತರಿಗೆ ಅಂಥದ್ದೇನೂ ಇಲ್ಲ.

ದುಬಾರಿ ದುರ್ಬೀನು ಕೊಂಡವರಿಗೂ ಹಂದಿಯ ಮೇಲೆ ಗುರಿಯಿಡುವ ಹಕ್ಕು ಬರುವುದಿಲ್ಲ. 2025ರ ಜನವರಿಯಲ್ಲಿ ತಮಿಳುನಾಡು ಸರಕಾರ ಪ್ರಕಟಿಸಿದಂತೆ, ಕಾಡಿನಿಂದ 3 ಕಿ.ಮೀ. ಆಚೆ ಮಾತ್ರ ಕಾಡುಹಂದಿಗೆ ಗುಂಡು ಹಾರಿಸಬಹುದು. ಅದೂ ಅರಣ್ಯ ಇಲಾಖೆಯವರೇ. ಕಾಡಿಗೆ ಅಂಟಿಕೊಂಡ ಹಟ್ಟಿಗಳಿಗೆ ಅದರಿಂದ ಏನು ಸಿಕ್ಕಿತು ಎಂದು ರೈತರು ಕೇಳಿದರೆ ತಪ್ಪೇನಿಲ್ಲ.