ಕಟ್ಟಿದ್ದು ನಿಲ್ಲಬೇಕಾದರೆ

ಹೆಂಚಿನ ಮನೆಯಲ್ಲಿ ವಾಸಮಾಡಿದವರೆಲ್ಲರೂ ಬಲ್ಲ ಸಂಗತಿಯೊಂದುಂಟು. ಗೋಡೆ ಎಷ್ಟೇ ಭದ್ರವಾಗಿರಲಿ, ಮುಂಗಾರಿಗೆ ಮೊದಲು ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸದಿದ್ದರೆ ಮಾಡು ಸೋರದೆ ಬಿಡದು. ಮನೆ ಕಟ್ಟಿಸಿದವನ ಹೆಸರು ಬಾಗಿಲ ಮೇಲಿರಬಹುದು. ಅದನ್ನು ಉಳಿಸುವವನು ಏಣಿ ಹತ್ತುವವನೇ. ತಮ್ಮ ಮನೆಯಲ್ಲಿ ಮರೆಯದ ಈ ನ್ಯಾಯವನ್ನು ಗೃಹಸ್ಥರು ಊರಿನ ವಿಷಯದಲ್ಲಿ ಮರೆಯುವುದುಂಟು. ಮರೆತವರಲ್ಲಿ ನಾನೂ ಒಬ್ಬನಾದುದರಿಂದ ಈ ತಿಂಗಳು ಅದನ್ನೇ ಬರೆಯುತ್ತೇನೆ.

ಕಡಪ ಜಿಲ್ಲೆಯ ಪೋರುಮಾಮಿಳ್ಳದ ಕೆರೆಗೆ ಸಂಬಂಧಿಸಿದ ಒಂದು ಸಂಸ್ಕೃತ ಶಿಲಾಶಾಸನವಿದೆ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಆ ಕೆರೆಯನ್ನು ಕಟ್ಟಿಸಿದನು. ಶಾಸನದ ಕಾಲ 1369. ಸಾವಿರ ಮಂದಿ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದ ವಿಷಯ ಅದರಲ್ಲಿದೆ. ಅದಕ್ಕಿಂತ ಸ್ವಾರಸ್ಯವಾದುದು, ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅಲ್ಲಿ ಎಣಿಸಿರುವುದು. ಜಲಶಾಸ್ತ್ರ ಬಲ್ಲವನು, ಗಟ್ಟಿಯಾದ ಜೇಡಿನೆಲ, ಸಿಹಿನೀರಿನ ಹೊಳೆ, ನೀಳವಾದ ಕಲ್ಲು ದೊರೆಯುವ ಗಣಿ, ಕುಶಲರಾದ ಕೆಲಸಗಾರರು, ಇವೆಲ್ಲ ಅಂಗಗಳು. ಏರಿಯಲ್ಲಿ ನೀರು ಜಿನುಗುವುದು, ಚೌಳುಮಣ್ಣು, ನೀರು ಅಲ್ಪವಾಗಿ ಸಾಗುವಳಿಯ ಭೂಮಿ ಅಧಿಕವಾಗಿರುವುದು, ಇವು ದೋಷಗಳು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದೂ ದೋಷವೇ. ಪ್ರವಾಹದಂತೆಯೇ ವ್ಯಾಜ್ಯವೂ ಕೆರೆಯನ್ನು ಕೆಡಿಸಬಲ್ಲುದೆಂದು ಆ ಹಿರಿಯರು ಬಲ್ಲರು.

ನಮ್ಮ ಪೂರ್ವಿಕರು ಕೆರೆಯನ್ನು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಿದರು. ಸಂತಾನವೆಂದ ಮೇಲೆ ಹೆತ್ತರಷ್ಟೇ ಸಾಲದು, ಸಾಕಬೇಕು. ಆದುದರಿಂದಲೇ ಕೆರೆ ಕಟ್ಟಿ ಕಾಪಾಡುವವನಿಗೆ ಕಟ್ಟುಕೊಡಗೆಯೆಂದು ಭೂಮಿ ಬಿಡುತ್ತಿದ್ದರು. ಹೂಳು ತೆಗೆದು ಏರಿಗೆ ಹಾಕುವ ಬಂಡಿಯ ಖರ್ಚಿಗೂ ಭೂಮಿ ಬಿಟ್ಟುದನ್ನು ಕನ್ನಡನಾಡಿನ ಶಾಸನಗಳು ತಿಳಿಸುತ್ತವೆ. ತೂಬು ತೆರೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುವುದಕ್ಕೆ ನೀರಗಂಟಿಯಿದ್ದನು.

ಈ ವ್ಯವಸ್ಥೆಯನ್ನು ಬರಿದೆ ಹೊಗಳಲಾರೆ. ನೀರಗಂಟಿಯ ಕೆಲಸ ವಂಶಕ್ಕೆ ಅಂಟಿತ್ತು. ಕೂಲಿ ಅಲ್ಪ, ಮರ್ಯಾದೆ ಅದಕ್ಕಿಂತ ಅಲ್ಪ. 1961ರ ಕಾಯಿದೆಯು ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು ರದ್ದುಮಾಡಿದುದು ನ್ಯಾಯವೇ. ಆದರೆ ಹುದ್ದೆ ಹೋದರೂ ಕೆಲಸ ಹೋಗಲಿಲ್ಲ. ನಮ್ಮೂರಿನಲ್ಲಿ ಕಾಯಿದೆಯಾದ ಮೇಲೂ ಒಬ್ಬ ವೃದ್ಧರು ರೂಢಿಯಂತೆ ಕೆರೆ ಕಾಯುತ್ತಿದ್ದರು. ಮಳೆಯ ರಾತ್ರಿಗಳಲ್ಲಿ ಏರಿಯ ಮೇಲೆ ಅವರ ಲಾಂದ್ರ ಚಲಿಸುವುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಅವರ ತರುವಾಯ ಯಾರೂ ನೇಮಕವಾಗಲಿಲ್ಲ.

ಕೆಲವು ವರ್ಷಗಳ ಹಿಂದೆ ಆ ಕೆರೆಯ ಜೀರ್ಣೋದ್ಧಾರವಾಯಿತು. ಹೂಳು ತೆಗೆದರು, ಏರಿ ಎತ್ತರಿಸಿದರು, ಹೊಸ ತೂಬು ಇಟ್ಟರು. ಸಮಾರಂಭದಲ್ಲಿ ನಾನು ಶ್ಲೋಕಗಳನ್ನು ಉದಾಹರಿಸಿ ಮುಕ್ಕಾಲು ಗಂಟೆ ಭಾಷಣ ಮಾಡಿದೆನು. ಮೂರನೆಯ ಮಳೆಗಾಲದಲ್ಲಿ ಕೊಂಬೆ ಕಸಗಳು ಕೋಡಿಗೆ ಅಡ್ಡಲಾಗಿ, ನೀರು ಏರಿಯ ಮೇಲೆ ಹರಿದು, ಒಂದೇ ರಾತ್ರಿಯಲ್ಲಿ ಏರಿ ಒಡೆಯಿತು. ಕೆಳಗಿನ ಬಡವರ ಗದ್ದೆಗಳು ಮರಳಿನಿಂದ ಮುಚ್ಚಿಹೋದುವು. ಅವುಗಳಲ್ಲಿ ಆ ಹಳೆಯ ನೀರಗಂಟಿಯ ಸೊಸೆಯ ಗದ್ದೆಯೂ ಒಂದು. ಆಕೆ ನನ್ನನ್ನು ಕಂಡು, "ಮೇಷ್ಟ್ರೇ, ಅವತ್ತು ಅಷ್ಟು ಹೊತ್ತು ಮಾತಾಡಿದಿರಲ್ಲ, ಕೋಡಿ ನೋಡ್ಕೊಳ್ಳೋರು ಯಾರು ಅಂತ ಒಂದು ಮಾತು ಕೇಳಬಾರದಿತ್ತೆ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಕೆರೆಯಾಗಲಿ, ಶಾಲೆಯ ಕೊಠಡಿಯಾಗಲಿ, ಕುಡಿಯುವ ನೀರಿನ ಕೊಳಾಯಿಯಾಗಲಿ, ಅಸ್ತಿಭಾರದ ದಿನವೇ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ನೋಡಿಕೊಳ್ಳುವವರು ಯಾರು? ಅವರ ಸಂಬಳ ಎಲ್ಲಿಂದ? ಕೆಟ್ಟರೆ ದುರಸ್ತಿಗೆ ಹಣ ಎಲ್ಲಿದೆ? ಉತ್ತರ ದೊರೆಯದಿದ್ದರೆ ಕೆಲಸವನ್ನು ಒಂದು ತಿಂಗಳು ತಡೆದರೂ ನಷ್ಟವಿಲ್ಲ. ನಮ್ಮೂರಿನ ಏರಿ ಮತ್ತೆ ನಿಂತಿದೆ. ಈಗ ಅಚ್ಚುಕಟ್ಟಿನ ಪ್ರತಿಯೊಬ್ಬ ರೈತನೂ ಸುಗ್ಗಿಯಲ್ಲಿ ಎಕರೆಯ ಲೆಕ್ಕದಲ್ಲಿ ವಂತಿಗೆ ಕೊಡುತ್ತಾನೆ. ಜಾತಿ ಕೇಳದೆ ಇಬ್ಬರನ್ನು ಸಂಬಳದ ಮೇಲೆ ನೇಮಿಸಿದ್ದಾರೆ. ಅವರಲ್ಲೊಬ್ಬನು ಕಾಲುವೆಯ ಕೊನೆಯ ಗದ್ದೆಯವನೇ ಆಗಿರಬೇಕೆಂದು ಗೊತ್ತುಮಾಡಿದ್ದಾರೆ. ನೀರು ತಲಪದಿದ್ದರೆ ಮೊದಲು ತಿಳಿಯುವುದು ಅವನಿಗಲ್ಲವೆ? ವಂತಿಗೆಯ ಲೆಕ್ಕ ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ.

ಮುಂಗಾರು ಹತ್ತಿರವಾದಾಗ, ಮನೆಯ ಹೆಂಚು ಕೈಯಾಡಿಸಿದ ಬಳಿಕ, ವಾಚಕರು ಒಂದು ಸಂಜೆ ತಮ್ಮೂರಿನ ಕೆರೆಯ ಕೋಡಿಯವರೆಗೂ ನಡೆದುಹೋಗಿ ನೋಡಿಬರಬೇಕೆಂದು ಪ್ರಾರ್ಥಿಸುತ್ತೇನೆ.